ತೀರಿಸಿದಷ್ಟೂ ಬೆಳೆಯುವ ಸಾಲ

ಇಂಗ್ಲೆಂಡಿನ ಸರ್ಕಾರಿ ಶಾಲೆಗೆ ಹೊಸದಾಗಿ ಸೇರಿದ ಟೀಚರ್ ಒಬ್ಬರ ಪೇಸ್ಲಿಪ್ಪನ್ನು ಒಮ್ಮೆ ನೋಡಬೇಕು. 2025-26ರಲ್ಲಿ ಲಂಡನ್ನಿನ ಆಚೆ ಅವರ ಆರಂಭದ ಸಂಬಳ ವರ್ಷಕ್ಕೆ 32,916 ಪೌಂಡ್, ಅಂದರೆ ತಿಂಗಳಿಗೆ 2,743. ಆದಾಯ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್, ಪಿಂಚಣಿ ಎಂದು ಒಂದೊಂದೇ ಕಡಿತ ಬರುತ್ತದೆ. ಅವುಗಳ ಜತೆಗೆ ‘ಸ್ಟೂಡೆಂಟ್ ಲೋನ್’ ಎಂಬ ಬಾಬ್ತಿನಲ್ಲಿ 33 ಪೌಂಡ್. ಇಬ್ಬರು ಪಬ್ಬಿಗೆ ಹೋಗಿ ಉಂಡು ಬಂದರೆ ಅಷ್ಟಾಗುತ್ತದೆ. ದೊಡ್ಡ ಮೊತ್ತವೇನಲ್ಲ.

ದೊಡ್ಡದಿರುವುದು ಬಾಕಿ. 2024ರಲ್ಲಿ ಓದು ಮುಗಿಸಿದ ಇಂಗ್ಲೆಂಡಿನ ವಿದ್ಯಾರ್ಥಿಗಳ ಸರಾಸರಿ ಸಾಲ ಸುಮಾರು 53,000 ಪೌಂಡ್. ನಮ್ಮ ಲೆಕ್ಕದಲ್ಲಿ ಅರ್ಧ ಕೋಟಿ ರೂಪಾಯಿಗೂ ಮೇಲೆ. ಈ ಟೀಚರ್ ತಲೆಯ ಮೇಲೆ 50,000 ಪೌಂಡ್ ಇದೆ ಎಂದುಕೊಳ್ಳೋಣ. ವರ್ಷವಿಡೀ ಕಟ್ಟಿದ್ದು 400 ಪೌಂಡ್, ಅದೇ ವರ್ಷ ಏರಿದ ಬಡ್ಡಿ ಹತ್ತಿರಹತ್ತಿರ 1,900 ಪೌಂಡ್. ಹನ್ನೆರಡು ತಿಂಗಳು ತಪ್ಪದೆ ಕಟ್ಟಿದ ಮೇಲೂ ಬಾಕಿ 1,500 ಪೌಂಡಿನಷ್ಟು ಬೆಳೆದಿರುತ್ತದೆ. ಈ ಸಾಲದ ಅಸಲು ಕರಗಲು ಶುರುವಾಗಬೇಕಾದರೆ ಸಂಬಳ 63,000 ಪೌಂಡಿನ ಆಸುಪಾಸು ಮುಟ್ಟಬೇಕು. ಶಾಲೆಯ ಟೀಚರಿಗೆ ಅದು ಹೆಡ್‌ಮಾಸ್ತರಿಕೆಯ ಕಡೆಯ ಮಾತು.

ಇಂಥ ಲೆಕ್ಕ ಕೇಳಿದರೆ ನಮ್ಮ ಕಡೆಯ ಅಪ್ಪ ಅಮ್ಮಂದಿರ ಎದೆ ಧಸಕ್ಕೆನ್ನುತ್ತದೆ. ಅಲ್ಲಿನ ಟೀಚರ್ ಮಾತ್ರ ನಿಶ್ಚಿಂತೆಯಾಗಿ ನಿದ್ದೆ ಮಾಡಬಹುದು. ಈ ಸಾಲದ ಕಂತು ಬಾಕಿಯನ್ನು ನೋಡುವುದೇ ಇಲ್ಲ, ಸಂಬಳವನ್ನಷ್ಟೇ ನೋಡುತ್ತದೆ. ‘ಪ್ಲಾನ್ 2’ ಎಂದು ಕರೆಯುವ ಈ ಸಾಲ 2012ರ ಸೆಪ್ಟೆಂಬರಿನಿಂದ 2023ರ ಜುಲೈವರೆಗೆ ಇಂಗ್ಲೆಂಡಿನಲ್ಲಿ ಡಿಗ್ರಿಗೆ ಸೇರಿದವರದ್ದು. 2025-26ರಲ್ಲಿ ಇದರ ಆದಾಯ ಮಿತಿ 28,470 ಪೌಂಡ್. ಅದಕ್ಕಿಂತ ಕಡಿಮೆ ದುಡಿದರೆ ಒಂದು ಪೆನ್ನಿಯನ್ನೂ ಕಟ್ಟಬೇಕಿಲ್ಲ. ಹೆಚ್ಚು ದುಡಿದರೆ ಮಿತಿಯ ಮೇಲಿನ ದುಡ್ಡಿಗೆ ಮಾತ್ರ ಶೇ 9. ಸಾಲ 20,000 ಇರಲಿ, 90,000 ಇರಲಿ, ತಿಂಗಳ ಕಡಿತ ಒಂದೇ. ಕೆಲಸ ಹೋದರೆ ಕಡಿತ ನಿಲ್ಲುತ್ತದೆ. ಯಾರೂ ಫೋನ್ ಮಾಡಿ ಬೆದರಿಸುವುದಿಲ್ಲ. ಕ್ರೆಡಿಟ್ ವರದಿಯಲ್ಲಿ ಈ ಸಾಲ ಕಾಣಿಸುವುದೂ ಇಲ್ಲ. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೈಗೆ ಬರುವ ಸಂಬಳ ಎಷ್ಟು ಎಂದು ನೋಡುತ್ತಾರೆ, ಅಲ್ಲಿ ಮಾತ್ರ ಅದರ ಬಿಸಿ ತಟ್ಟುತ್ತದೆ. ಸಾಲಗಾರ ತೀರಿಕೊಂಡರೆ ಸಾಲವೂ ತೀರಿತು, ಹೆಂಡತಿ ಮಕ್ಕಳ ಮೇಲೆ ಬೀಳುವುದಿಲ್ಲ. ದಿವಾಳಿ ಅರ್ಜಿ ಹಾಕಿ ತಪ್ಪಿಸಿಕೊಳ್ಳುವ ದಾರಿಯನ್ನು ಮಾತ್ರ 2004ರಲ್ಲೇ ಮುಚ್ಚಿದ್ದಾರೆ. ಮೂವತ್ತು ವರ್ಷ ಕಳೆದ ಮೇಲೆ ಉಳಿದದ್ದೆಲ್ಲ ಮನ್ನಾ. ಮೊದಲ ತಂಡ 2012ರಲ್ಲಿ ಸೇರಿ 2015ರಲ್ಲಿ ಡಿಗ್ರಿ ಪಡೆದು 2016ರ ಏಪ್ರಿಲಿನಿಂದ ಕಟ್ಟಲು ಶುರು ಮಾಡಿತು. ಅವರ ಸಾಲ ಅಳಿಸಿಹೋಗುವುದು 2046ರಲ್ಲಿ.

ಸಾಲ ಎಂದು ಹೆಸರಿಟ್ಟುಕೊಂಡು ತೆರಿಗೆಯಂತೆ ನಡೆದುಕೊಳ್ಳುವ ಈ ವ್ಯವಸ್ಥೆಯ ಬುಡದಲ್ಲಿ ಸಜ್ಜನಿಕೆ ಇದೆ, ಅದನ್ನು ಒಪ್ಪಬೇಕು. ಓದಿ ಮೇಲೆ ಬಂದವರು ಕೊಡಲಿ, ಬರಲಾಗದವರನ್ನು ಕಾಡುವುದು ಬೇಡ ಎಂಬುದು ಅದರ ತಿರುಳು. ಕೆಟ್ಟಿರುವುದು ಬೇರೆ ಕಡೆ. ಸಾಲ ಕೊಟ್ಟವರೇ ಸರ್ಕಾರ, ಪತ್ರ ಬರೆದವರೂ ಸರ್ಕಾರ, ಸಹಿ ಬಿದ್ದ ಮೇಲೆ ಅದರ ಷರತ್ತು ತಿದ್ದುವ ಅಧಿಕಾರವನ್ನು ಉಳಿಸಿಕೊಂಡವರೂ ಸರ್ಕಾರವೇ. ಖಾಸಗಿ ಬ್ಯಾಂಕೊಂದು ಹೀಗೆ ಮಾಡಿದ್ದರೆ ಕೋರ್ಟಿನಲ್ಲಿ ನಿಲ್ಲುತ್ತಿತ್ತೇ ಎಂಬ ಪ್ರಶ್ನೆ ಬ್ರಿಟನ್ನಿನಲ್ಲಿ ಹತ್ತು ವರ್ಷಗಳಿಂದ ಮತ್ತೆ ಮತ್ತೆ ಏಳುತ್ತಿದೆ.

ಬ್ರಿಟನ್ನಿನಲ್ಲಿ ಸರ್ಕಾರಿ ವಿದ್ಯಾರ್ಥಿ ಸಾಲ ಶುರುವಾದದ್ದು 1990ರಲ್ಲಿ. ಅದನ್ನು ನೋಡಿಕೊಳ್ಳಲು ಗ್ಲಾಸ್ಗೋದಲ್ಲಿ ಸ್ಟೂಡೆಂಟ್ ಲೋನ್ಸ್ ಕಂಪನಿ ತೆರೆದರು. ಆಗಿನದು ನಮಗೆ ಪರಿಚಿತವಾದ ಬಗೆಯ ಸಾಲ, ಸಾಮಾನ್ಯವಾಗಿ 60 ಸಮಾನ ಕಂತು. ದುಡಿಮೆ ಕಡಿಮೆಯಿದ್ದರೆ ವರ್ಷ ವರ್ಷವೂ ಅರ್ಜಿ ಕೊಟ್ಟು ಮುಂದೂಡಿಸಿಕೊಳ್ಳಬೇಕಿತ್ತು. 1998ರಲ್ಲಿ ಟೋನಿ ಬ್ಲೇರ್ ಸರ್ಕಾರ ವರ್ಷಕ್ಕೆ 1,000 ಪೌಂಡ್ ಫೀಸು ತಂದಿತು, ಜತೆಗೆ ಸಂಬಳಕ್ಕೆ ತಕ್ಕ ಕಂತಿನ ಪದ್ಧತಿಯನ್ನೂ ತಂದಿತು. 2004ರ ಜನವರಿಯಲ್ಲಿ ಫೀಸನ್ನು 3,000ಕ್ಕೆ ಏರಿಸುವ ಮಸೂದೆ ಕೇವಲ ಐದು ಮತಗಳ ಅಂತರದಲ್ಲಿ ಬಚಾವಾಯಿತು. ದೊಡ್ಡ ಜಿಗಿತ ನಡೆದದ್ದು 2010ರ ಡಿಸೆಂಬರ್ 9ರಂದು, ಒಂಬತ್ತು ಸಾವಿರ ಪೌಂಡಿನವರೆಗೆ ಫೀಸು ವಿಧಿಸಲು ಪಾರ್ಲಿಮೆಂಟು 21 ಮತಗಳ ಬಹುಮತದಿಂದ ಒಪ್ಪಿದಾಗ. ಹೊರಗೆ ಬೀದಿಯಲ್ಲಿ ವಿದ್ಯಾರ್ಥಿಗಳ ಗಲಾಟೆ. ರೀಜೆಂಟ್ ಸ್ಟ್ರೀಟಿನಲ್ಲಿ ಆಗಿನ ಯುವರಾಜ ಚಾರ್ಲ್ಸ್ ಮತ್ತು ಕೆಮಿಲಾ ಕುಳಿತಿದ್ದ ರೋಲ್ಸ್ ರಾಯ್ಸ್ ಮೇಲೆ ಬಣ್ಣ ಬಿತ್ತು, ಗಾಜು ಬಿರುಕು ಬಿಟ್ಟಿತು.

ಆ ಮತದಾನದ ಬೆಲೆ ತೆತ್ತವರು ನಿಕ್ ಕ್ಲೆಗ್. ಫೀಸು ಏರಿಕೆಯನ್ನು ವಿರೋಧಿಸುತ್ತೇವೆ ಎಂದು ಚುನಾವಣೆಗೆ ಮುಂಚೆ ವಿದ್ಯಾರ್ಥಿ ಸಂಘಟನೆಯ ಪ್ರತಿಜ್ಞಾ ಪತ್ರಕ್ಕೆ ಸಹಿ ಹಾಕಿದ್ದ ಲಿಬರಲ್ ಡೆಮಾಕ್ರಾಟ್ ನಾಯಕ, ಉಪಪ್ರಧಾನಿಯಾದ ಮೇಲೆ ಏರಿಕೆಯ ಪರ ನಿಂತರು. 2012ರಲ್ಲಿ ವಿಡಿಯೊ ಮಾಡಿ ಕ್ಷಮೆ ಕೇಳಿದರು. ಯಾರೋ ಪೋಕರಿಗಳು ಅದಕ್ಕೆ ರಾಗ ಕೂಡಿಸಿ ಹಾಡು ಮಾಡಿಬಿಟ್ಟರು. 2010ರಲ್ಲಿ 57 ಸ್ಥಾನ ಗೆದ್ದಿದ್ದ ಪಕ್ಷ 2015ರಲ್ಲಿ 8ಕ್ಕೆ ಇಳಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಜನರ ಬಾಯಲ್ಲಿ ಉಳಿದದ್ದು ಫೀಸಿನ ಕಥೆಯೇ.

ಅಂದಿನ ಸರ್ಕಾರ ವಿದ್ಯಾರ್ಥಿಗಳಿಗೆ ಒಂದು ಸಮಾಧಾನ ಹೇಳಿತ್ತು. ಫೀಸು ಜಾಸ್ತಿಯಾದರೇನು, 21,000 ಪೌಂಡ್ ದುಡಿಯುವವರೆಗೆ ಏನೂ ಕಟ್ಟಬೇಡಿ, ಆ ಮಿತಿಯೂ ದೇಶದ ಸರಾಸರಿ ಸಂಬಳದ ಜತೆ ವರ್ಷಾ ವರ್ಷಾ ಏರುತ್ತದೆ ಎಂದು. ಇದನ್ನು ಹುಡುಗರಿಗೆ ತಿಳಿಸಿ ಹೇಳಲು ರಚಿಸಿದ ಸ್ವತಂತ್ರ ತಂಡದ ಮುಖ್ಯಸ್ಥರಾಗಿದ್ದವರು ಮಾರ್ಟಿನ್ ಲೂಯಿಸ್. ಟಿವಿಯಲ್ಲಿ ದುಡ್ಡಿನ ಲೆಕ್ಕ ಬಿಡಿಸಿ ಹೇಳುತ್ತ ಅಲ್ಲಿ ಮನೆಮಾತಾಗಿರುವ ಮನುಷ್ಯ. ಹೆದರಬೇಡಿ, ಇದನ್ನು ಸಾಲವೆಂದು ತಿಳಿಯದೆ ಪದವೀಧರರ ವಂತಿಗೆ ಎಂದು ತಿಳಿಯಿರಿ ಎಂಬುದು ಅವರ ಪಾಠ. 2015ರ ನವೆಂಬರಿನಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಆ ಮಿತಿಯನ್ನು ಐದು ವರ್ಷ 21,000ದಲ್ಲೇ ಹಿಡಿದಿಡುವುದಾಗಿ ಘೋಷಿಸಿದರು. ಹೊಸಬರಿಗಷ್ಟೇ ಅಲ್ಲ, ಆಗಲೇ ಸಾಲ ಪಡೆದವರಿಗೂ. ಸರ್ಕಾರದ ಪರವಾಗಿ ಊರೂರಿಗೆ ವಿವರಣೆ ಕೊಟ್ಟಿದ್ದ ಲೂಯಿಸ್ ಕೆಂಡವಾದರು, ಕೋರ್ಟಿಗೆ ಹೋಗಬಹುದೇ ನೋಡಿ ಎಂದು ವಕೀಲರನ್ನು ಹಚ್ಚಿದರು. ಷರತ್ತು ಬದಲಾಯಿಸಬಹುದು ಎಂಬ ಒಕ್ಕಣೆ ಪತ್ರದಲ್ಲೇ ಇದ್ದುದರಿಂದ ಕಾನೂನು ಕೈಗೆ ಸಿಗಲಿಲ್ಲ.

ಅಲ್ಲಿಂದ ಮುಂದೆ ಮಿತಿ ಎಂಬುದು ಖಜಾನೆಯ ಕೈಯ ನಲ್ಲಿಯಾಯಿತು. ಚುನಾವಣೆಯಲ್ಲಿ ಬಹುಮತ ಕಳೆದುಕೊಂಡ ಪ್ರಧಾನಿ ತೆರೆಸಾ ಮೇ 2017ರ ಅಕ್ಟೋಬರಿನಲ್ಲಿ ಯುವಕರನ್ನು ಒಲಿಸಲು ಅದನ್ನು 25,000ಕ್ಕೆ ಏರಿಸುವುದಾಗಿ ಹೇಳಿದರು. ಬೋರಿಸ್ ಜಾನ್ಸನ್ ಸರ್ಕಾರ 2022ರಲ್ಲಿ 27,295ಕ್ಕೆ ನಿಲ್ಲಿಸಿ 2025ರವರೆಗೆ ಅಲುಗಾಡಿಸದೆ ಇಟ್ಟಿತು. ಆಗ ಹಣಕಾಸು ಖಾತೆಯಲ್ಲಿದ್ದವರು ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್! ಲೇಬರ್ ಪಕ್ಷದ ರೇಚಲ್ ರೀವ್ಸ್ 2025ರ ನವೆಂಬರ್ ಬಜೆಟ್ಟಿನಲ್ಲಿ, 2026ರ ಏಪ್ರಿಲಿಗೆ 29,385 ಆಗುವ ಮಿತಿಯನ್ನು 2027ರಿಂದ ಮೂರು ವರ್ಷ ಅಲ್ಲೇ ನಿಲ್ಲಿಸುವುದಾಗಿ ಪ್ರಕಟಿಸಿದರು. ಬೆಲೆ ಏರುತ್ತದೆ, ಸಂಬಳ ಏರುತ್ತದೆ, ಮಿತಿ ಮಾತ್ರ ಕದಲುವುದಿಲ್ಲ. ಹೀಗೆ ತೆರಿಗೆ ಏರಿಸದೆಯೇ ಹೆಚ್ಚು ದುಡ್ಡು ಎತ್ತಬಹುದು. ಪಕ್ಷ ಯಾವುದಾದರೂ ಎಲ್ಲರೂ ಕಲಿತ ಉಪಾಯ ಇದೊಂದೇ.

2023ರ ಆಗಸ್ಟಿನಿಂದ ಸೇರಿದವರಿಗೆ ಮತ್ತೊಂದು ಬಗೆ, ‘ಪ್ಲಾನ್ 5’. ಇದರಲ್ಲಿ ಬಡ್ಡಿ ಹಣದುಬ್ಬರದಷ್ಟೇ, ಹಳೆಯದರಂತೆ ಅದರ ಮೇಲೆ ಶೇ 3ರವರೆಗೆ ಹೆಚ್ಚುವರಿ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ಮಿತಿ 25,000ಕ್ಕೆ ಇಳಿದಿದೆ, ಮನ್ನಾ ಆಗುವುದು ಮೂವತ್ತಲ್ಲ, ನಲವತ್ತು ವರ್ಷಕ್ಕೆ. ಒಂದೇ ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕ ಕುಳಿತ ಇಬ್ಬರು ಟೀಚರ್‌ಗಳ ಮಾತಿಗೆ ಬರೋಣ. ಒಬ್ಬರು 2022ರಲ್ಲಿ ಕಾಲೇಜು ಸೇರಿದವರು, ಇನ್ನೊಬ್ಬರು 2023ರಲ್ಲಿ. ಇಬ್ಬರದೂ 33,000 ಸಂಬಳ ಎಂದುಕೊಂಡರೆ 2026-27ರ ಮಿತಿಗಳ ಲೆಕ್ಕದಲ್ಲಿ ಮೊದಲನೆಯವರಿಗೆ ತಿಂಗಳಿಗೆ 27 ಪೌಂಡ್ ಕಡಿತ, ಎರಡನೆಯವರಿಗೆ 60 ಪೌಂಡ್. ಒಂದು ವರ್ಷ ತಡವಾಗಿ ಹುಟ್ಟಿದ್ದಕ್ಕೆ ಎರಡು ಪಟ್ಟಿಗೂ ಹೆಚ್ಚು, ಅದೂ ಅರವತ್ತು ವರ್ಷ ದಾಟುವವರೆಗೆ. ಹೊಸ ವ್ಯವಸ್ಥೆಯಲ್ಲಿ ಹೆಚ್ಚು ದುಡಿಯುವವರಿಗೆ ಲಾಭ, ಕೆಳ ಮತ್ತು ಮಧ್ಯಮ ಸಂಬಳದವರಿಗೆ ಹೊರೆ ಎಂದು ಲಂಡನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಆಗಲೇ ಲೆಕ್ಕ ಹಾಕಿ ತೋರಿಸಿತ್ತು.

ಇದರಲ್ಲಿ ನಿಜಕ್ಕೂ ಕಟ್ಟುವವರು ಯಾರು? ಬಹಳ ಕಡಿಮೆ ದುಡಿಯುವವರು ಕಟ್ಟುವುದಿಲ್ಲ. ಲಂಡನ್ನಿನ ದೊಡ್ಡ ಲಾ ಫರ್ಮು, ಬ್ಯಾಂಕು ಸೇರಿದವರು ಹತ್ತು ಹದಿನೈದು ವರ್ಷದಲ್ಲಿ ತೀರಿಸಿ ಕೈ ತೊಳೆದುಕೊಳ್ಳುತ್ತಾರೆ, ಬಡ್ಡಿ ಬೆಳೆಯಲು ಬಿಡುವುದಿಲ್ಲ. ಅಪ್ಪ ಅಮ್ಮ ಸ್ಥಿತಿವಂತರಾಗಿ ಫೀಸನ್ನು ಮೊದಲೇ ಕಟ್ಟಿಬಿಟ್ಟಿದ್ದರೆ ಶೇ 9ರ ಗೊಡವೆಯೇ ಇಲ್ಲ. ದಶಕಗಟ್ಟಲೆ ಕಟ್ಟುತ್ತ ಹೋಗುವವರು ನಡುವಿನವರು: ನರ್ಸು, ಟೀಚರ್, ಪಂಚಾಯಿತಿ ಕಚೇರಿಯ ಎಂಜಿನಿಯರ್. ಅವರು ಹೆಚ್ಚಾಗಿ ಗಳಿಸಿದ ಪ್ರತಿ ನೂರು ಪೌಂಡಿನಲ್ಲಿ ತೆರಿಗೆಗೆ 20, ನ್ಯಾಷನಲ್ ಇನ್ಶೂರೆನ್ಸಿಗೆ 8, ಸಾಲಕ್ಕೆ 9 ಹೋಗಿ ಕೈಗೆ ಉಳಿಯುವುದು 63. ವರ್ಷದ ಸಂಬಳ 50,270 ದಾಟಿದರೆ ಆ ಮೇಲಿನ ನೂರರಲ್ಲಿ 51 ಅಲ್ಲೇ ಹೋಗುತ್ತದೆ. ಸ್ನಾತಕೋತ್ತರ ಪದವಿಗೂ ಸರ್ಕಾರಿ ಸಾಲ ಮಾಡಿದ್ದರೆ ಇನ್ನೊಂದು 6.

ಬಡವರ ಮಕ್ಕಳ ವಿಷಯದಲ್ಲಂತೂ ಲೆಕ್ಕ ತಲೆಕೆಳಗಾಗಿದೆ. ಊಟ, ವಸತಿಗೆಂದು ಅವರಿಗೆ ಕೊಡುತ್ತಿದ್ದ ಮರಳಿಸಬೇಕಿಲ್ಲದ ಅನುದಾನವನ್ನು 2016ರಲ್ಲಿ ತೆಗೆದು ಅದನ್ನೂ ಸಾಲ ಮಾಡಿದರು. ಮನೆಯ ಆದಾಯ ಕಡಿಮೆಯಿದ್ದಷ್ಟೂ ಹೆಚ್ಚು ಸಾಲ ಸಿಗುತ್ತದೆ, ಆದ್ದರಿಂದ ಬಡವರ ಮನೆಯ ಹುಡುಗಿಯೇ ಅತಿ ದೊಡ್ಡ ಬಾಕಿ ಹೊತ್ತು ಹೊರಬರುತ್ತಾಳೆ. 2025-26ರ ದರದಲ್ಲಿ ಫೀಸು 9,535, ಮನೆ ಬಿಟ್ಟು ಲಂಡನ್ನಿನ ಆಚೆ ಓದುವವರಿಗೆ ಜೀವನ ನಿರ್ವಹಣೆಯ ಸಾಲ ಗರಿಷ್ಠ 10,544. ಮೂರು ವರ್ಷಕ್ಕೆ 60,000 ಪೌಂಡ್ ದಾಟಿತು, ಬಡ್ಡಿ ಬೇರೆ. ಆ ಬಡ್ಡಿಯೂ ಓದು ಮುಗಿದ ಮೇಲೆ ಶುರುವಾಗುವಂಥದ್ದಲ್ಲ. ಮೊದಲ ಕಂತಿನ ಹಣ ಬಂದ ದಿನದಿಂದಲೇ ಏರುತ್ತದೆ.

ಸಣ್ಣಪುಟ್ಟ ರಗಳೆಗಳೂ ಇವೆ. ಕಡಿತ ನಡೆಯುವುದು ತಿಂಗಳ ಸಂಬಳ ನೋಡಿ, ವರ್ಷದ್ದನ್ನಲ್ಲ. ಕ್ರಿಸ್‌ಮಸ್ ಹೊತ್ತಿಗೆ ಓವರ್‌ಟೈಮ್ ಮಾಡಿಯೋ ಬೋನಸ್ ಬಂದೋ ಒಂದು ತಿಂಗಳು ಮಿತಿ ದಾಟಿದರೆ ಆ ತಿಂಗಳು ಹಿಡಿದುಕೊಳ್ಳುತ್ತಾರೆ. ವರ್ಷದ ಒಟ್ಟು ಆದಾಯ ಮಿತಿಯೊಳಗೇ ಇದ್ದರೆ ಆ ದುಡ್ಡು ವಾಪಸು ಬರಬೇಕಾದದ್ದು, ಅದನ್ನು ಕೇಳಿ ಪಡೆಯಬೇಕು. ಓದು ಮುಗಿದ ಮರು ಏಪ್ರಿಲ್‌ಗಿಂತ ಮುಂಚೆಯೇ ಹಿಡಿದಿದ್ದರೂ ಹಾಗೆಯೇ. ಹೊಸ ಕೆಲಸಕ್ಕೆ ಸೇರುವಾಗ ಫಾರಂನಲ್ಲಿ ಪ್ಲಾನ್ 2ರ ಬದಲು ಅದಕ್ಕೂ ಹಳೆಯ ಪ್ಲಾನ್ 1ಕ್ಕೆ ಟಿಕ್ ಹಾಕಿದರೆ ತಪ್ಪು ಮಿತಿಯಲ್ಲಿ ಕಡಿತ. ಸಾಲ ತೀರುವ ಕೊನೆಯ ತಿಂಗಳುಗಳಲ್ಲಿ ಸಂಬಳದಿಂದ ಕಡಿತ ಬೇಡ, ಬ್ಯಾಂಕ್ ಖಾತೆಯಿಂದ ನೇರವಾಗಿ ಕಟ್ಟುತ್ತೇನೆ ಎಂದು ಬದಲಿಸಿಕೊಳ್ಳದಿದ್ದರೆ, ತೀರಿದ ಸಾಲಕ್ಕೂ ದುಡ್ಡು ಹೋಗುತ್ತಿರುತ್ತದೆ.

ಸರ್ಕಾರದ ಕಡೆಯಿಂದ ನೋಡಿದರೂ ಇದು ವಿಚಿತ್ರ ಆಸ್ತಿ. 2025ರ ಮಾರ್ಚ್ ಕೊನೆಗೆ ಇಂಗ್ಲೆಂಡಿನ ಬಾಕಿ 267 ಶತಕೋಟಿ ಪೌಂಡ್. ಅದರಲ್ಲಿ ಎಷ್ಟೋ ಭಾಗ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಲೆಕ್ಕದ ಪುಸ್ತಕದಲ್ಲಿ ಬಹಳ ವರ್ಷ ಇಡೀ ಮೊತ್ತ ವಾಪಸು ಬರುವ ಸಾಲವೆಂದೇ ದಾಖಲಾಗುತ್ತಿತ್ತು, ಖರ್ಚಿನ ಪಟ್ಟಿಗೆ ಹೋಗುತ್ತಿರಲಿಲ್ಲ. ಈ ಕಣ್ಣುಕಟ್ಟಿಗೆ ಕೊನೆ ಹಾಡಿ, ಬಾರದ ಪಾಲನ್ನು ಕೊಡುವಾಗಲೇ ಖರ್ಚೆಂದು ಬರೆಯಬೇಕೆಂದು ರಾಷ್ಟ್ರೀಯ ಅಂಕಿಅಂಶ ಕಚೇರಿ ತೀರ್ಮಾನಿಸಿದ್ದು 2018ರ ಡಿಸೆಂಬರಿನಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಸರ್ಕಾರ 3.5 ಶತಕೋಟಿ ಪೌಂಡ್ ಮುಖಬೆಲೆಯ ಹಳೆಯ ಸಾಲಪತ್ರಗಳನ್ನು 1.7 ಶತಕೋಟಿಗೆ ಹೂಡಿಕೆದಾರರಿಗೆ ಮಾರಿತ್ತು. ಅರ್ಧಕ್ಕಿಂತ ಕಡಿಮೆ!

ಸಂಬಳ ನೋಡಿ ಕಂತು ಕಟ್ಟಿಸುವ ಉಪಾಯ ಮೊದಲು ದೇಶವ್ಯಾಪಿ ಜಾರಿಯಾದದ್ದು ಆಸ್ಟ್ರೇಲಿಯಾದಲ್ಲಿ, 1989ರಲ್ಲಿ. ಕ್ಯಾನ್‌ಬೆರಾದ ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್‌ಮನ್ ಕೊಟ್ಟ ನಕ್ಷೆ, ಶಿಕ್ಷಣ ಸಚಿವ ಜಾನ್ ಡಾಕಿನ್ಸ್ ತಂದ ಕಾನೂನು. 1974ರಿಂದ ಉಚಿತವಾಗಿದ್ದ ಕಾಲೇಜಿಗೆ ವರ್ಷಕ್ಕೆ 1,800 ಡಾಲರ್ ಬೆಲೆ ಬಿತ್ತು. ಅಲ್ಲಿ ಬಡ್ಡಿ ಎಂಬುದಿಲ್ಲ, ಬೆಲೆ ಏರಿಕೆಗೆ ತಕ್ಕಂತೆ ಬಾಕಿಯನ್ನು ಏರಿಸುತ್ತಾರೆ ಅಷ್ಟೆ. 2023ರ ಜೂನಿನಲ್ಲಿ ಅದು ಒಂದೇ ಸಲಕ್ಕೆ ಶೇ 7.1 ಏರಿತು, ಹುಡುಗರು ಬೊಬ್ಬೆ ಹೊಡೆದರು. ಮುಂದೆ ಬೆಲೆ ಏರಿಕೆ, ಕೂಲಿ ಏರಿಕೆ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕೆಂದು ಕಾನೂನು ತಿದ್ದಿ, ಹಿಂದಿನದಕ್ಕೂ ಅನ್ವಯಿಸಿದರು. 2025ರ ಚುನಾವಣೆಯಲ್ಲಿ ಪ್ರಧಾನಿ ಆಂಟನಿ ಆಲ್ಬನೀಸಿ ಎಲ್ಲರ ಸಾಲದಲ್ಲೂ ಶೇ 20 ಕಡಿತದ ಭರವಸೆ ಕೊಟ್ಟು ಗೆದ್ದರು. ಹೊಸ ಪಾರ್ಲಿಮೆಂಟು ಸೇರಿದ ಮೊದಲ ದಿನಗಳಲ್ಲೇ ಅದು ಕಾನೂನಾಯಿತು. ಸುಮಾರು 30 ಲಕ್ಷ ಜನರಿಗೆ 16 ಶತಕೋಟಿ ಡಾಲರ್ ಹಗುರ.

ಆ ಕಾನೂನಿನಲ್ಲಿ ಇನ್ನೊಂದು ತಿದ್ದುಪಡಿ ಇತ್ತು, ದೊಡ್ಡ ಸುದ್ದಿಯಾಗಲಿಲ್ಲ. ಅಲ್ಲಿಯವರೆಗೆ ಆಸ್ಟ್ರೇಲಿಯಾದಲ್ಲಿ ಮಿತಿ ದಾಟಿದರೆ ಇಡೀ ಸಂಬಳಕ್ಕೆ ಕಡಿತ. 2024-25ರಲ್ಲಿ 54,435 ಡಾಲರ್ ಮುಟ್ಟಿದ ಕೂಡಲೇ ಪೂರ್ತಿ ಆದಾಯದ ಶೇ 1, ಅಂದರೆ 544 ಡಾಲರ್ ಕಟ್ಟಬೇಕಿತ್ತು. ಹಾಗಾಗಿ ಮಿತಿಯ ಹೊಸ್ತಿಲಲ್ಲೇ ಆದಾಯ ನಿಲ್ಲಿಸಿಕೊಳ್ಳುವವರು ಇದ್ದರು. 2025-26ಕ್ಕೆ ಮಿತಿ 67,000 ಆಯಿತು, ಅದರ ಮೇಲಿನ ಡಾಲರಿಗೆ ಮಾತ್ರ ಕಡಿತ, ಅದು 15 ಸೆಂಟಿನಿಂದ ಶುರು. ಮೆಲ್ಬರ್ನ್, ಸಿಡ್ನಿಯ ಕನ್ನಡದ ಮನೆಗಳಿಗೆ ಇಲ್ಲಿ ಒಂದು ಪೇಚಿದೆ. ಕಾಯಂ ವಾಸದ ಅನುಮತಿ (ಪಿಆರ್) ಸಿಕ್ಕವರ ಮಕ್ಕಳಿಗೆ ಸರ್ಕಾರದ ನೆರವಿನ ಸೀಟು ಸಿಗುತ್ತದೆ, ಸಾಲ ಸಿಗುವುದಿಲ್ಲ. ಸಾಲಕ್ಕೆ ಸಾಮಾನ್ಯವಾಗಿ ಪೌರತ್ವ ಬೇಕು. ಪೌರತ್ವ ಬೇಡವೆಂದು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಕುಟುಂಬಗಳು ಮಗ ಕಾಲೇಜು ಸೇರುವ ಹೊತ್ತಿಗೆ ಫೀಸನ್ನು ಕೈಯಿಂದ ಕಟ್ಟಬೇಕಾಗುತ್ತದೆ.

ನಮ್ಮಲ್ಲಿನ ಶಿಕ್ಷಣ ಸಾಲ ಬಹುಪಾಲು ಬ್ಯಾಂಕಿನದು, ಸರ್ಕಾರ ಹಿಂದೆ ನಿಂತು ಬಡ್ಡಿಗೆ ಹೆಗಲು ಕೊಡುತ್ತದೆ. ವರ್ಷಕ್ಕೆ 4.5 ಲಕ್ಷದವರೆಗೆ ಆದಾಯವಿರುವ ಮನೆಯ ಮಕ್ಕಳಿಗೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ 2009ರಿಂದ ಇದೆ, ಅದರ ನೋಡಲ್ ಬ್ಯಾಂಕು ಬೆಂಗಳೂರಿನ ಕೆನರಾ ಬ್ಯಾಂಕ್. ರಾಜ್ಯದ ನಿಗಮಗಳು ಕೊಡುವ ‘ಅರಿವು’ ಸಾಲವೂ ಇದೆ. ಆದರೆ ಓದು ಮುಗಿದು ಒಂದು ವರ್ಷಕ್ಕೆ ಇಎಂಐ ಶುರು, ಕೆಲಸ ಸಿಕ್ಕಿರಲಿ ಬಿಡಲಿ. ಕಂತು ತಪ್ಪಿದರೆ ಸಿಬಿಲ್ ಸ್ಕೋರಿಗೆ ಏಟು, ಜತೆಗೆ ಸಹಿ ಹಾಕಿದ ಅಪ್ಪನಿಗೂ ನೋಟಿಸು. ಬರ್ಮಿಂಗ್‌ಹ್ಯಾಮಿನಲ್ಲೋ ರೆಡಿಂಗ್‌ನಲ್ಲೋ ನೆಲೆಸಿದ ಕನ್ನಡಿಗ ತಂದೆ ತಾಯಂದಿರು ಮಕ್ಕಳಿಗೆ ಸಾಲವೇ ಬೇಡ, ನಾವೇ ಕಟ್ಟುತ್ತೇವೆ ಎಂದು ಹಟ ಹಿಡಿದರೆ ಅದರ ಹಿಂದಿರುವುದು ಈ ಇಎಂಐ ನೆನಪು. ಮಗಳು ದೊಡ್ಡ ಸಂಬಳದ ಕೆಲಸಕ್ಕೆ ಹೋಗುವವಳಾದರೆ ಆ ಹಟ ಲಾಭವೇ. ಅವಳು ಚಿತ್ರಕಲೆಯನ್ನೋ ಸಮಾಜಸೇವೆಯನ್ನೋ ಆರಿಸಿಕೊಂಡರೆ, ಎಂದೂ ಕಟ್ಟಬೇಕಿಲ್ಲದ ಸಾಲವನ್ನು ಅಪ್ಪ ತಮ್ಮ ನಿವೃತ್ತಿಯ ಗಂಟಿನಿಂದ ತೀರಿಸಿದಂತಾಗುತ್ತದೆ.

ಬ್ರಿಟನ್ನಿನಲ್ಲಿ ಬಡ್ಡಿಯನ್ನೇ ಒಪ್ಪದ ಮುಸ್ಲಿಂ ವಿದ್ಯಾರ್ಥಿಗಳ ಕಷ್ಟ ಇನ್ನೊಂದು ಬಗೆಯದು. ಷರಿಯಾಕ್ಕೆ ಹೊಂದುವ ಪರ್ಯಾಯ ಸಾಲದ ಮಾತನ್ನು ಆಗಿನ ಪ್ರಧಾನಿ ಡೇವಿಡ್ ಕ್ಯಾಮರೂನ್ 2013ರಲ್ಲಿ ಆಡಿದರು. ಅದಕ್ಕೆ ಬೇಕಾದ ಅಧಿಕಾರ 2017ರ ಕಾನೂನಿನಲ್ಲಿ ಬಂತು. ಅದಾಗಿ ಎಷ್ಟೋ ಬ್ಯಾಚು ಡಿಗ್ರಿ ಮುಗಿಸಿ ಹೋದವು, ಸಾಲ ಬರಲಿಲ್ಲ.

ದೇಶ ಬಿಟ್ಟರೂ ಸಾಲ ಬಿಡುವುದಿಲ್ಲ. ಮ್ಯಾಂಚೆಸ್ಟರಿನಲ್ಲಿ ಓದಿದ ಹುಡುಗ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಗೆ ಬಂದು ಸೇರಿದ ಎಂದುಕೊಳ್ಳಿ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿರುವುದಾದರೆ ಗ್ಲಾಸ್ಗೋದ ಸ್ಟೂಡೆಂಟ್ ಲೋನ್ಸ್ ಕಂಪನಿಗೆ ತಿಳಿಸಬೇಕು, ಆದಾಯದ ಪುರಾವೆ ಕಳುಹಿಸಬೇಕು. ಸಂಬಳದಿಂದ ಹಿಡಿಯುವವರು ಇಲ್ಲಿಲ್ಲವಾದ್ದರಿಂದ ತಾನೇ ತಿಂಗಳು ತಿಂಗಳು ಕಟ್ಟಬೇಕು. ಒಂದೊಂದು ದೇಶದ ಜೀವನ ವೆಚ್ಚಕ್ಕೆ ತಕ್ಕಂತೆ ಒಂದೊಂದು ಮಿತಿ ಇರುವುದರಿಂದ, ಇಂಗ್ಲೆಂಡಿನಲ್ಲಿ ಏನೂ ಕಟ್ಟಬೇಕಿಲ್ಲದಷ್ಟು ಸಣ್ಣ ಸಂಬಳಕ್ಕೆ ಇಲ್ಲಿ ಕಂತು ಬೀಳಬಹುದು. ಕಾಗದಕ್ಕೆ ಉತ್ತರಿಸದೆ ಸುಮ್ಮನಿದ್ದರೆ ಆ ಸಾಲದ ಕಂಪನಿ ತಾನೇ ಒಂದು ನಿಗದಿತ ಕಂತನ್ನು ಹೇರುತ್ತದೆ. ಪ್ಲಾನ್ 2ರವನಾಗಿದ್ದರೆ, ಸಂಬಳ ಎಷ್ಟೇ ಇರಲಿ, ಗರಿಷ್ಠ ದರದ ಬಡ್ಡಿಯನ್ನೂ ಲೆಕ್ಕಕ್ಕೆ ಸೇರಿಸುತ್ತದೆ.